ಗಬ್ಬದ ಕುದುರೆಯನ್ನು ಲಾರಿ ಹತ್ತಿಸುವ ಮುನ್ನ

ಏಪ್ರಿಲ್ ಬಂತೆಂದರೆ ಕುದುರೆ ಸಾಕುವವರ ಬಾಯಲ್ಲಿ ಒಂದೇ ಪ್ರಶ್ನೆ. "ಗಬ್ಬ ನಿಂತು ಇನ್ನೂ ತಿಂಗಳೂ ಆಗಿಲ್ಲ. ಗಂಡು ಕೊಡಿಸಿದ ಸ್ಟಡ್ ಫಾರಂನಿಂದ ಊರಿಗೆ ಕರ್ಕೊಂಡು ಬರಬೇಕು. ಲಾರಿ ಕುಲುಕಾಟಕ್ಕೆ ಕಂದು ಹಾಕಿಬಿಟ್ಟರೆ, ಗಬ್ಬ ಹೋಗಿಬಿಟ್ಟರೆ?"

ನೇರವಾಗಿ ಹೇಳುತ್ತೇನೆ. ಆರೋಗ್ಯವಾಗಿರುವ ಕುದುರೆ ಬರೀ ಕುಲುಕಾಟಕ್ಕೆ ಕಂದು ಹಾಕುವುದಿಲ್ಲ. 1990ರಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ದರು. 16ರಿಂದ 22 ದಿನದ ಮತ್ತು 32ರಿಂದ 38 ದಿನದ ಗಬ್ಬದ ಕುದುರೆಗಳನ್ನು 9 ಗಂಟೆ, 472 ಕಿಲೋಮೀಟರ್ ಸುತ್ತಾಡಿಸಿದರು. ಕುದುರೆಗಳಿಗೆ ಒತ್ತಡವಾಗಿದ್ದು ರಕ್ತದಲ್ಲಿ ಕಂಡಿತು. ಆದರೆ ಲಾಯದಲ್ಲೇ ಉಳಿದ ಕುದುರೆಗಳಿಗಿಂತ ಜಾಸ್ತಿ ಗಬ್ಬವೇನೂ ಹೋಗಲಿಲ್ಲ.

ಹಾಗಾದರೆ ಎಷ್ಟೋ ಜನರ ಕುದುರೆ ಪ್ರಯಾಣವಾದ ಮೇಲೆ ಖಾಲಿ ಆಗಿದ್ದು ಹೇಗೆ? ಬಿಸಿಲು, ಬಾಯಾರಿಕೆ, ಹೊಟ್ಟೆಶೂಲೆ, ಜ್ವರ. ಕಾರಣ ಇಲ್ಲಿದೆ. ಮೊದಲ ಮೂರು ತಿಂಗಳಿಗೂ ಸ್ವಲ್ಪ ಹೆಚ್ಚು ಕಾಲ ಗಬ್ಬವನ್ನು ಹಿಡಿದಿಡುವುದು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು. ಶುರುವಿನಲ್ಲಿ ಅದು ಬರುವುದು ಅಂಡಾಶಯದ ಮೇಲಿನ ಒಂದು ಸಣ್ಣ ಹಳದಿ ಗಂಟಿನಿಂದ. ಜೋರು ಜ್ವರ ಬಂದರೆ, ಕರುಳು ಕೆಟ್ಟು ವಿಷ ರಕ್ತಕ್ಕೆ ಸೇರಿದರೆ, ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ಇನ್ನೊಂದು ರಾಸಾಯನಿಕ ಏರುತ್ತದೆ. ಅದು ಆ ಗಂಟನ್ನೇ ಕರಗಿಸುತ್ತದೆ. ಗಂಟು ಹೋದರೆ ಗಬ್ಬವೂ ಹೋಯಿತು. ಅಷ್ಟು ಸಣ್ಣ ಗಬ್ಬ ಹೊರಗೆ ಬಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಹೆಚ್ಚಿನ ಸಲ ಒಳಗೇ ಕರಗಿಹೋಗುತ್ತದೆ. ಮುಂದಿನ ಸ್ಕ್ಯಾನ್‌ನಲ್ಲಿ "ಏನೂ ಇಲ್ಲ ಸಾರ್" ಅಂತ ಡಾಕ್ಟರ್ ಹೇಳಿದಾಗಲೇ ನಮಗೆ ಗೊತ್ತಾಗುವುದು.

ಅದಕ್ಕೇ ರಸ್ತೆಯ ಗುಂಡಿಗಿಂತ ನೀರು, ಗಾಳಿ, ಹಗ್ಗ, ಥರ್ಮಾಮೀಟರ್ ಕಡೆ ಗಮನ ಕೊಡಿ.

ಹೋಗಲೇಬೇಕಾ?

ರೇಸ್ ತಳಿಯ ಥರೋಬ್ರೆಡ್ ಆದರೆ ಬೇರೆ ದಾರಿ ಇಲ್ಲ. ಆ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಒಪ್ಪಿಗೆ ಇಲ್ಲ, ಹಾಗೆ ಹುಟ್ಟಿದ ಮರಿಯನ್ನು ಸ್ಟಡ್ ಬುಕ್ ಎಂಬ ತಳಿಯ ದಾಖಲೆಗೆ ಸೇರಿಸಿಕೊಳ್ಳುವುದಿಲ್ಲ. ಗಂಡು ಎಲ್ಲಿದೆಯೋ ಹೆಣ್ಣು ಅಲ್ಲಿಗೇ ಹೋಗಬೇಕು, ವಾಪಸೂ ಬರಬೇಕು. ಟಿಪ್ಪು ಕಾಲದಿಂದ ಕುದುರೆ ಸಾಕಿದ ಕುಣಿಗಲ್‌ಗೆ ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್. ಅದನ್ನು ಪ್ರಯಾಣ ಅಂತಲೂ ಕರೆಯಬೇಕಿಲ್ಲ, ಬೆಳಗಿನ ತಂಪಿನಲ್ಲಿ ಮುಗಿದುಹೋಗುತ್ತದೆ. ತಲೆ ಕೆಡಿಸಿಕೊಳ್ಳಬೇಕಾದ್ದು ಪುಣೆ ಕಡೆಯ ಫಾರಂಗಳಿಂದ ಬರುವಾಗ. ಬೆಂಗಳೂರಿಗೆ ಹೆಚ್ಚುಕಡಿಮೆ 840 ಕಿಲೋಮೀಟರ್.

ಇನ್ನೊಂದು ಗುಂಪು ಮಾರ್ವಾಡಿ, ಕಾಠಿಯಾವಾಡಿ ತಳಿಯ ಕುದುರೆ ಕೊಳ್ಳುವವರದು. ಮಹಾರಾಷ್ಟ್ರದ ಸಾರಂಗಖೇಡ, ಮಾಳೇಗಾಂವ್ ಜಾತ್ರೆಗಳಿಂದ, ರಾಜಸ್ಥಾನದಿಂದಲೂ ನಮ್ಮ ಉತ್ತರ ಕರ್ನಾಟಕಕ್ಕೆ ಕುದುರೆ ಬರುತ್ತವೆ. "ಎರಡು ತಿಂಗಳ ಗಬ್ಬ" ಎಂದು ಹೇಳಿ ಮಾರುವವರ ಮಾತನ್ನು ಸ್ಕ್ಯಾನ್ ಇಲ್ಲದೆ ನಂಬಬೇಡಿ. ಹೊಟ್ಟೆ ನೋಡಿ, ಕೆಚ್ಚಲು ನೋಡಿ ಎರಡು ತಿಂಗಳ ಗಬ್ಬ ಹೇಳುವವರು ಯಾರೂ ಇಲ್ಲ.

ಮುಂದೂಡಲು ಸಾಧ್ಯವಿದ್ದರೆ ಮುಂದೂಡಿ. ಮೊದಲು ಗಬ್ಬ ಕಳೆದುಕೊಂಡ ಕುದುರೆ, ವಯಸ್ಸಾದ ಕುದುರೆ, ಗರ್ಭಕೋಶದಲ್ಲಿ ನೀರು ನಿಲ್ಲುವ ಕುದುರೆ, ಕುಂಟುವುದು, ಹೊರಡುವ ವಾರ ಕೆಮ್ಮಿದ್ದು ಅಥವಾ ಜ್ವರ ಬಂದಿದ್ದು: ಇವನ್ನು ಅಲ್ಲೇ ಬಿಟ್ಟು ತಿಂಗಳ ಮೇವಿನ ಖರ್ಚು ಕೊಟ್ಟರೂ ಲಾಭವೇ.

ಯಾವ ದಿನ ಹೊರಡಬೇಕು

ಅಂಡ ಬಿಡುಗಡೆಯಾದ ದಿನವನ್ನು ಸೊನ್ನೆ ಎಂದು ಇಟ್ಟುಕೊಳ್ಳಿ. ಸ್ಟಡ್‌ನವರು ಈ ದಿನ ಬರೆದಿಟ್ಟಿರುತ್ತಾರೆ, ಕೇಳಿ ತೆಗೆದುಕೊಳ್ಳಿ. ಬರೀ ಗಂಡು ಕೊಡಿಸಿದ ತಾರೀಖು ಸಾಲದು.

ಮೊದಲ ಐದು ದಿನ ಭ್ರೂಣ ಇನ್ನೂ ಅಂಡನಾಳದಲ್ಲೇ ಇರುತ್ತದೆ. ಆರನೇ ದಿನದ ಹೊತ್ತಿಗೆ ಗರ್ಭಕೋಶಕ್ಕೆ ಇಳಿಯುತ್ತದೆ. ಅಲ್ಲಿಂದ 16ನೇ ದಿನದವರೆಗೆ ಒಂದು ಕಡೆ ನಿಲ್ಲದೆ ಒಳಗೆಲ್ಲ ಓಡಾಡುತ್ತದೆ. ಬೇರೆ ಪ್ರಾಣಿಗಳಲ್ಲಿ ಇಷ್ಟು ಓಡಾಟ ಕಾಣುವುದಿಲ್ಲ. ಆ ಓಡಾಟದಿಂದಲೇ "ನಾನಿದ್ದೇನೆ, ಬೆದೆಗೆ ಬರಬೇಡ" ಎಂಬ ಸುದ್ದಿ ತಾಯಿಗೆ ಮುಟ್ಟುವುದು. 16-17ಕ್ಕೆ ಒಂದು ಜಾಗ ಹಿಡಿದು ಕೂರುತ್ತದೆ. ಈ ಓಡಾಟದ ದಿನಗಳಲ್ಲಿ ನಾನು ಕುದುರೆ ಸಾಗಿಸುವುದಿಲ್ಲ. ಇಷ್ಟು ಸೂಕ್ಷ್ಮ ಹೊತ್ತಿನಲ್ಲಿ ಕೆಣಕುವುದು ಯಾಕೆ ಅನ್ನುವುದು ಒಂದು. ನಿಜವಾದ ಕಾರಣ ಇನ್ನೊಂದು, ಅವಳಿ.

14ರಿಂದ 16ನೇ ದಿನದ ನಡುವಿನ ಸ್ಕ್ಯಾನ್ ತಪ್ಪಿಸಲೇಬಾರದು. ಥರೋಬ್ರೆಡ್‌ಗಳಲ್ಲಿ ಎರಡು ಅಂಡ ಬಿಡುವುದು ಮಾಮೂಲಿ. ಕುದುರೆ ಅವಳಿ ಮರಿಗಳನ್ನು ಹೊತ್ತು ಹೆರುವುದು ಬಹಳ ಕಷ್ಟ, ಸಾಮಾನ್ಯವಾಗಿ ಎರಡೂ ಹೋಗುತ್ತವೆ. ಆ ದಿನಗಳಲ್ಲಿ ಎರಡೂ ಇನ್ನೂ ಬೇರೆ ಬೇರೆ ಇರುವಾಗ ನುರಿತ ವೈದ್ಯರು ಒಂದನ್ನು ಕೈಯಿಂದಲೇ ಒತ್ತಿ ತೆಗೆಯುತ್ತಾರೆ. ಎರಡೂ ಪಕ್ಕಪಕ್ಕ ಅಂಟಿ ಕೂತ ಮೇಲೆ ಆ ಕೆಲಸ ಕಷ್ಟ. ನಿಮ್ಮ ಊರಿನಲ್ಲಿ ಕುದುರೆ ಸ್ಕ್ಯಾನ್ ಮಾಡುವ ಡಾಕ್ಟರ್ ಇಲ್ಲದಿದ್ದರೆ ಈ ಸ್ಕ್ಯಾನ್ ಸ್ಟಡ್‌ನಲ್ಲೇ ಮುಗಿಯಬೇಕು.

ನನ್ನ ಇಷ್ಟದ ದಿನ 28ರಿಂದ 33. ಅಷ್ಟರಲ್ಲಿ ಎರಡನೇ ಸ್ಕ್ಯಾನ್ ಆಗಿ, ಮರಿಯ ಎದೆಬಡಿತ ಕಂಡಿರುತ್ತದೆ. 25ನೇ ದಿನದ ಆಸುಪಾಸಿನಿಂದಲೇ ಅದು ಕಾಣಲು ಶುರುವಾಗುತ್ತದೆ. ಇನ್ನೊಂದು ಲೆಕ್ಕವೂ ಇದೆ. 36-40ನೇ ದಿನದ ಹೊತ್ತಿಗೆ ಗರ್ಭಕೋಶದ ಗೋಡೆಯಲ್ಲಿ ಬಟ್ಟಲಿನಂತಹ ಗಂಟುಗಳು ಬೆಳೆಯುತ್ತವೆ. ಅವು ಬೆಳೆದ ಮೇಲೆ ಮರಿ ಹೋದರೂ ಗಂಟುಗಳು ಹೋಗುವುದಿಲ್ಲ, ಗಬ್ಬ ಇದ್ದಾಗಿನ ಹಾರ್ಮೋನನ್ನೇ ಸುರಿಸುತ್ತಾ ಕೂರುತ್ತವೆ. ಸುಮಾರು ನಾಲ್ಕನೇ ತಿಂಗಳವರೆಗೆ ಕುದುರೆ ಸರಿಯಾಗಿ ಬೆದೆಗೆ ಬರುವುದಿಲ್ಲ. ಆ ವರ್ಷ ಹೋದಂತೆಯೇ. ನಮ್ಮಲ್ಲಿ ಥರೋಬ್ರೆಡ್ ಮರಿಗಳಿಗೆಲ್ಲ ಜನವರಿ 1ಕ್ಕೇ ಒಂದು ವಯಸ್ಸು ಕೂಡುತ್ತದೆ. ಹಾಗಾಗಿ ತಡವಾಗಿ ಹುಟ್ಟುವ ಮರಿ ಯಾರಿಗೂ ಬೇಡ. ಇದನ್ನೆಲ್ಲ ನೋಡಿ, 45ನೇ ದಿನದ ಸ್ಕ್ಯಾನ್‌ವರೆಗೂ ಸ್ಟಡ್‌ನಲ್ಲೇ ಬಿಡುವವರೂ ಇದ್ದಾರೆ. ತಪ್ಪೇನಿಲ್ಲ, ದುಡ್ಡಿದ್ದರೆ.

ಕಾಗದ ಪತ್ರ

ನಮ್ಮ ದೇಶದ ಪ್ರಾಣಿ ಸಾಗಣೆ ನಿಯಮಗಳು 1978ರವು. ಅದರಲ್ಲಿ ಕುದುರೆ ಜಾತಿಗೇ ಒಂದು ಅಧ್ಯಾಯ ಇದೆ. ಪ್ರಯಾಣಕ್ಕೆ ಯೋಗ್ಯ ಎಂದು ಪಶುವೈದ್ಯರ ಪ್ರಮಾಣಪತ್ರ ಬೇಕು. ಗಬ್ಬದ ಕುದುರೆಯನ್ನು ಬೇರೆ ಪ್ರಾಣಿಗಳ ಜೊತೆ ಬೆರೆಸಿ ತುಂಬಬಾರದು. ಗಾಡಿಯಲ್ಲಿ ನೋಡಿಕೊಳ್ಳಲು ಒಬ್ಬ ಆಳು ಇರಲೇಬೇಕು.

ಇದರ ಜೊತೆ ಗ್ಲಾಂಡರ್ಸ್ ಪರೀಕ್ಷೆಯ ವರದಿ ಇರಲಿ. ಇದು ಕುದುರೆಯಿಂದ ಮನುಷ್ಯರಿಗೂ ಬರುವ ರೋಗ. ಎಲ್ಲಾದರೂ ಕಂಡರೆ ಸುತ್ತಲಿನ ಕುದುರೆ ಓಡಾಟವನ್ನೇ ಸರ್ಕಾರ ನಿಲ್ಲಿಸುತ್ತದೆ. ರಾಜ್ಯದ ಗಡಿ ದಾಟುವ ಮೊದಲು ಎರಡೂ ಕಡೆಯ ಪಶುಪಾಲನಾ ಇಲಾಖೆಗೆ ಒಂದು ಫೋನ್ ಮಾಡಿ, ಈಗ ಏನಾದರೂ ನಿರ್ಬಂಧ ಇದೆಯೇ ಎಂದು ಕೇಳಿ. ಜಾತ್ರೆಯಿಂದ ಕೊಂಡ ಕುದುರೆಗೆ ಸರ್ರಾ ರೋಗದ ರಕ್ತ ಪರೀಕ್ಷೆಯನ್ನೂ ಮಾಡಿಸಿ. ನೊಣ ಕಚ್ಚಿ ಹರಡುವ ಈ ರೋಗ ಜ್ವರ ತರುತ್ತದೆ, ಕಂದೂ ಹಾಕಿಸುತ್ತದೆ.

ಸ್ಕ್ಯಾನ್ ವರದಿಯ ಒಂದು ಪ್ರತಿ, ಅಂಡ ಬಿಟ್ಟ ತಾರೀಖು, ಸ್ಟಡ್ ಡಾಕ್ಟರ್ ನಂಬರ್ ಇವನ್ನು ಡ್ರೈವರ್ ಹತ್ತಿರವೂ ಇಡಿ. ದಾರಿಯಲ್ಲಿ ಸಿಗುವ ಹೊಸ ಡಾಕ್ಟರ್‌ಗೆ "ಗಬ್ಬ ಇದೆ" ಅನ್ನುವುದು ಇಂಜೆಕ್ಷನ್ ಕೊಡುವ ಮೊದಲೇ ಗೊತ್ತಾಗಬೇಕು.

ಇಂಜೆಕ್ಷನ್ ವಿಷಯ

"ಸುಮ್ನೆ ಒಂದು ಗಬ್ಬ ನಿಲ್ಲುವ ಇಂಜೆಕ್ಷನ್ ಹಾಕಿಸಿಬಿಡಿ" ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಹಸುಗಳಿಗೆ ಹಾಕುವ ಹೈಡ್ರಾಕ್ಸಿಪ್ರೊಜೆಸ್ಟೆರಾನ್ ಕ್ಯಾಪ್ರೊಯೇಟ್ ಸೂಜಿಯನ್ನೇ ಕುದುರೆಗೂ ಚುಚ್ಚುವವರಿದ್ದಾರೆ. ಅದು ಕುದುರೆಯ ಗಬ್ಬವನ್ನು ಹಿಡಿದಿಡುವುದಿಲ್ಲ. ಪರೀಕ್ಷೆ ಮಾಡಿ ನೋಡಿಯೇ ಹೇಳಿದ ಮಾತಿದು. ಕುದುರೆಯಲ್ಲಿ ಕೆಲಸ ಮಾಡುವುದು ಬಾಯಿಗೆ ಹಾಕುವ ಆಲ್ಟ್ರೆನೊಜೆಸ್ಟ್ ಎಂಬ ಹಾರ್ಮೋನು ಔಷಧಿ. ಅದನ್ನು ಕೊಡಬೇಕೋ ಬೇಡವೋ ಅನ್ನುವುದು ಕುದುರೆಯ ಹಿಂದಿನ ಕತೆ ಗೊತ್ತಿರುವ ಡಾಕ್ಟರ್ ತೀರ್ಮಾನ. ಕೊಟ್ಟರೆ ಪ್ರಯಾಣದ ಒಂದು ದಿನಕ್ಕೆ ಕೊಟ್ಟು ತಟ್ಟನೆ ನಿಲ್ಲಿಸುವ ಔಷಧಿಯೂ ಅಲ್ಲ ಅದು. ಕೈಗವಸು ಇಲ್ಲದೆ ಮುಟ್ಟಬೇಡಿ. ಚರ್ಮದಿಂದಲೇ ಒಳಗೆ ಹೋಗುತ್ತದೆ. ಹೆಂಗಸರು, ಅದರಲ್ಲೂ ಬಸುರಿಯರು, ಆ ಬಾಟಲಿಯ ಹತ್ತಿರವೇ ಹೋಗಬಾರದು.

ಮತ್ತಿನ ಇಂಜೆಕ್ಷನ್ ಹಾಕಿ ಲಾರಿ ಹತ್ತಿಸುವುದೂ ಬೇಡ. ಮತ್ತಿನಲ್ಲಿರುವ ಕುದುರೆಗೆ ಬ್ರೇಕ್ ಹಾಕಿದಾಗ ಕಾಲೂರಿ ನಿಲ್ಲಲು ಆಗುವುದಿಲ್ಲ.

ಗಾಡಿ

ಕುದುರೆಗಾಗಿಯೇ ಮಾಡಿದ ಫ್ಲೋಟ್ ಸಿಕ್ಕರೆ ಸರಿ. ಸಿಗದಿದ್ದರೆ ಮಾಮೂಲಿ ಲಾರಿಯನ್ನೇ ಸಜ್ಜು ಮಾಡಬೇಕು. ನಿಯಮದಲ್ಲೇ ಹೇಳಿರುವಂತೆ ನೆಲ ಜಾರಬಾರದು, ಪಕ್ಕದ ಗೋಡೆ ಎತ್ತರವಿರಬೇಕು, ಕುದುರೆಗಳ ನಡುವೆ ಕನಿಷ್ಠ 8 ಸೆಂಟಿಮೀಟರ್ ದಪ್ಪದ ಬಿದಿರು ಗಳ, ಹಿಂದೆ ಎರಡು ಗಟ್ಟಿ ಅಡ್ಡಮರ ಇರಬೇಕು. ನೆಲಕ್ಕೆ ರಬ್ಬರ್ ಮ್ಯಾಟ್, ಅದರ ಮೇಲೆ ಒದ್ದೆ ಮರಳು ಅಥವಾ ಧೂಳಿಲ್ಲದ ಹುಲ್ಲು. ಹಿಂದಿನ ಸಲ ಆ ಲಾರಿಯಲ್ಲಿ ಏನು ತುಂಬಿದ್ದರು ಕೇಳಿ. ಗೊಬ್ಬರ, ಸಿಮೆಂಟ್, ದನ ಇದ್ದರೆ ತೊಳೆಸಿ, ಔಷಧಿ ಹೊಡೆಸಿ, ಒಣಗಿಸಿ.

ಹಲಗೆಯ ಮೇಲೆ ಬಗ್ಗಿ ಕೂತು ತಳ ನೋಡಿ. ಮೂತ್ರ ಬಿದ್ದು ಬಿದ್ದು ಕೊಳೆತ ಹಲಗೆ ಮೇಲಿಂದ ಚೆನ್ನಾಗೇ ಕಾಣುತ್ತದೆ.

ಟಾರ್ಪಾಲಿನ್ ಮೇಲೆ ಮಾತ್ರ. ಪಕ್ಕಗಳನ್ನು ಮುಚ್ಚಿದರೆ ಮೂತ್ರದ ಘಾಟು, ಬಿಸಿ, ಹೊಗೆ ಎಲ್ಲ ಒಳಗೇ ನಿಲ್ಲುತ್ತದೆ. ಒಳಗೆ ನಿಂತು ಐದು ನಿಮಿಷ ಉಸಿರಾಡಿ ನೋಡಿ, ನಿಮಗೆ ಕಣ್ಣು ಉರಿದರೆ ಕುದುರೆಗೂ ಉರಿಯುತ್ತದೆ, ಅಲ್ವಾ?

ಹಗ್ಗದ ಪಾಠ

ನನ್ನ ಮೊದಲ ಹೆಣ್ಣು ಕುದುರೆಯನ್ನು ತರುವಾಗ ಏಪ್ರಿಲ್. ಕುದುರೆ ತಲೆ ಆಡಿಸಿ ಪೆಟ್ಟು ಮಾಡಿಕೊಳ್ಳಬಾರದು ಎಂದು ಮೋರೆಹಗ್ಗವನ್ನು ಎತ್ತರಕ್ಕೆ, ಗಿಡ್ಡವಾಗಿ ಕಟ್ಟಿಸಿದೆ. ಹದಿನಾಲ್ಕು ಗಂಟೆ ಅದು ಹಾಗೇ ನಿಂತಿತ್ತು. ಇಳಿಸಿದಾಗ ಚೆನ್ನಾಗೇ ಇತ್ತು. ಮೂರನೇ ದಿನ ಮೇವು ಬಿಟ್ಟಿತು, ಜ್ವರ 104. ಆಮೇಲಿನ ಸ್ಕ್ಯಾನ್‌ನಲ್ಲಿ ಗಬ್ಬ ಇರಲಿಲ್ಲ. ಎಷ್ಟೋ ದಿನ ಡ್ರೈವರ್‌ನನ್ನು ಬೈದೆ. ತಪ್ಪು ನನ್ನದಾಗಿತ್ತು.

ಕುದುರೆ ಮೇಯುವಾಗ ತಲೆ ತಗ್ಗಿಸುತ್ತದೆ. ಆಗ ಮೂಗು, ಗಂಟಲಿನ ಕೊಳೆ, ಧೂಳು, ಕಫ ತಾನಾಗೇ ಹೊರಗೆ ಹರಿಯುತ್ತದೆ. ತಲೆಯನ್ನು ಗಂಟೆಗಟ್ಟಲೆ ಎತ್ತಿ ಕಟ್ಟಿದರೆ ಅದು ಶ್ವಾಸನಾಳದಲ್ಲೇ ನಿಂತು, ಅದರಲ್ಲಿನ ಬ್ಯಾಕ್ಟೀರಿಯಾ ಬೆಳೆದು ಶ್ವಾಸಕೋಶಕ್ಕೆ ಇಳಿಯುತ್ತವೆ. ಕುದುರೆಯವರು ಶಿಪ್ಪಿಂಗ್ ಫೀವರ್ ಎನ್ನುವುದು ಇದನ್ನೇ. ಗಬ್ಬ ಇಲ್ಲದ ಕುದುರೆಯನ್ನೂ ಕೊಲ್ಲುವಂಥದ್ದು. ಅದಕ್ಕೇ ಹಗ್ಗ ಎದೆಮಟ್ಟದಲ್ಲಿ, ಮೂಗು ಮೊಣಕಾಲಿನ ಹತ್ತಿರಕ್ಕೆ ಬರುವಷ್ಟು ಉದ್ದ ಇರಲಿ. ಕಾಲು ಸಿಕ್ಕಿಕೊಳ್ಳುವಷ್ಟು ಉದ್ದ ಬೇಡ. ಎಳೆದರೆ ಬಿಚ್ಚುವ ಗಂಟು ಹಾಕಿ, ನಡುವೆ ಒಂದು ಸುತ್ತು ತೆಳು ಸೆಣಬಿನ ದಾರ ಇರಲಿ, ಕುದುರೆ ಬಿದ್ದರೆ ಅದು ಕಡಿದುಹೋಗಬೇಕು. ಪ್ರತಿ ನಿಲುಗಡೆಯಲ್ಲೂ ಹಗ್ಗ ಬಿಚ್ಚಿ ಹದಿನೈದು ಇಪ್ಪತ್ತು ನಿಮಿಷ ತಲೆ ಕೆಳಗೆ ಬಿಡಿಸಿ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನಿಡಿ.

ಎರಡು ವಾರ ಮೊದಲು

ದಿನಾ ಲಾರಿ ಹತ್ತಿಸಿ ಇಳಿಸಿ. ಒಳಗೆ ಒಂದು ಹಿಡಿ ಹುರುಳಿ ಇಡಿ, ತಿಂದು ಇಳಿಯಲಿ. ಹೊರಡುವ ದಿನ ನಾಲ್ಕು ಜನ ಸೇರಿ ತಳ್ಳಿ, ಹೊಡೆದು ಹತ್ತಿಸಿದರೆ ಬೆವರುವುದು ಲಾರಿ ಹೊರಡುವ ಮೊದಲೇ ಶುರುವಾಗುತ್ತದೆ. ಇಳಿಜಾರು ಹಲಗೆ ಕಡಿದಾಗಿದ್ದರೆ ಲಾರಿಯನ್ನು ಮಣ್ಣಿನ ದಿಬ್ಬಕ್ಕೆ ಹಿಂದೆ ಮಾಡಿ ನಿಲ್ಲಿಸಿ. ಹಳ್ಳಿಯಲ್ಲಿ ದಿಬ್ಬಕ್ಕೇನು ಬರ?

ಬೇರೆ ಊರಿನ ನೀರು ಮೂಸಿ ಬಿಟ್ಟುಬಿಡುವ ಕುದುರೆಗಳಿವೆ. ಒಂದು ವಾರ ಮೊದಲಿಂದ ನೀರಿಗೆ ಸ್ವಲ್ಪ ಬೆಲ್ಲ ಹಾಕಿ ರೂಢಿ ಮಾಡಿಸಿ, ದಾರಿಯಲ್ಲೂ ಅದೇ ಬೆಲ್ಲ ಹಾಕಿ. ಆದರೂ ಮನೆ ನೀರನ್ನೇ ಡ್ರಮ್ಮಿನಲ್ಲಿ 100 ಲೀಟರ್ ತುಂಬಿಕೊಳ್ಳುವುದು ವಾಸಿ. ಕುದುರೆ ದಿನಕ್ಕೆ 25ರಿಂದ 50 ಲೀಟರ್ ಕುಡಿಯುತ್ತದೆ, ಬಿಸಿಲಲ್ಲಿ ಇನ್ನೂ ಜಾಸ್ತಿ.

ಹೊಸ ಲಸಿಕೆ, ಜಂತುಹುಳು ಔಷಧಿ, ಲಾಳ ಬದಲಾವಣೆ ಎಲ್ಲ ಎರಡು ವಾರ ಮೊದಲೇ ಮುಗಿಯಲಿ. ಕಾಲಿಗೆ ಬ್ಯಾಂಡೇಜ್ ಕಟ್ಟಲು ಸರಿಯಾಗಿ ಗೊತ್ತಿರುವ ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಇದ್ದರೆ ಕಟ್ಟಿಸಿ, ಇಲ್ಲದಿದ್ದರೆ ಬೇಡ. ಬಿಗಿಯಾದ ಬ್ಯಾಂಡೇಜ್ ಕಾಲಿನ ಸ್ನಾಯುರಜ್ಜು ಹಾಳುಮಾಡುತ್ತದೆ, ಸಡಿಲವಾದದ್ದು ಕಾಲಿಗೆ ಸುತ್ತಿಕೊಳ್ಳುತ್ತದೆ.

ಹೊರಡುವ ದಿನ

ಹಿಂದಿನ ದಿನದಿಂದ ಹುರುಳಿ, ಓಟ್ಸ್ ಅರ್ಧ ಮಾಡಿ, ಹೊರಡುವ ದಿನ ನಿಲ್ಲಿಸಿ. ಒಣಹುಲ್ಲು ಎಷ್ಟು ಬೇಕಾದರೂ ಕೊಡಿ. ಬೆಳಿಗ್ಗೆ ಜ್ವರ ನೋಡಿ ಬರೆದಿಡಿ. 37.2ರಿಂದ 38.3 ಡಿಗ್ರಿ ಸೆಲ್ಸಿಯಸ್, ಅಂದರೆ ಹೆಚ್ಚುಕಡಿಮೆ 99ರಿಂದ 101 ಫ್ಯಾರನ್‌ಹೀಟ್ ಮಾಮೂಲಿ. 101.5 ಮುಟ್ಟಿದರೆ ಲಾರಿ ವಾಪಸ್ ಕಳಿಸಿ. ಅಡ್ವಾನ್ಸ್ ಹೋದರೆ ಹೋಗಲಿ.

ನಮ್ಮ ದೊಡ್ಡ ಕಷ್ಟ ಏನೆಂದರೆ ಗಂಡು ಕೊಡಿಸುವ ಕಾಲ ಫೆಬ್ರವರಿಯಿಂದ ಜೂನ್, ನಡುಬೇಸಿಗೆಯೂ ಅದರೊಳಗೇ ಬರುತ್ತದೆ. ಹಾಗಾಗಿ ಸಂಜೆ ಆರಕ್ಕೆ ಹೊರಟು ಬೆಳಿಗ್ಗೆ ಒಂಬತ್ತರೊಳಗೆ ನಿಲ್ಲಬೇಕು. ಪುಣೆಯಿಂದ ಬೆಂಗಳೂರನ್ನು ಒಂದೇ ರಾತ್ರಿಯಲ್ಲಿ ಮುಗಿಸುತ್ತೇನೆ ಎನ್ನುವ ಡ್ರೈವರ್ ಬೇಡ. ಕುದುರೆ ಲಾರಿಗೆ ನಿಯಮದಲ್ಲಿ ಹೇಳಿರುವ ವೇಗ ಗಂಟೆಗೆ 35 ಕಿಲೋಮೀಟರ್. ಹೆದ್ದಾರಿಯಲ್ಲಿ ಅದನ್ನು ಪಾಲಿಸುವವರು ಅಪರೂಪ, ಆದರೂ ಆ ಲೆಕ್ಕದಲ್ಲೇ ಯೋಚಿಸಿ, ಎರಡು ರಾತ್ರಿ ಇಟ್ಟುಕೊಳ್ಳಿ. ಮೊದಲ ರಾತ್ರಿ ಸಾತಾರಾ, ಕೊಲ್ಹಾಪುರ ದಾಟಿ ಬೆಳಗಾವಿ ಅಥವಾ ಧಾರವಾಡ. ಪುಣೆ ಬಿಟ್ಟ ಮೇಲೆ ಸಾತಾರಾಕ್ಕೆ ಮೊದಲೇ ಘಾಟಿ ಸಿಗುತ್ತದೆ, ಅಲ್ಲಿ ಕುದುರೆ ಇನ್ನೂ ದಣಿದಿರುವುದಿಲ್ಲ, ಅದೇ ಸಮಾಧಾನ. ಹಗಲೆಲ್ಲ ಬೆಳಗಾವಿ ಅಥವಾ ಧಾರವಾಡದ ಹತ್ತಿರ ಪರಿಚಯದವರ ಲಾಯದಲ್ಲಿ ಇಳಿಸಿ ನಿಲ್ಲಿಸಿ. ಈ ಲಾಯವನ್ನು ಮೊದಲೇ ಗೊತ್ತುಮಾಡಿ, ಅಲ್ಲಿ ಕೆಮ್ಮು ನೆಗಡಿಯ ಕುದುರೆ ಇಲ್ಲ ಎಂದು ಖಚಿತ ಮಾಡಿಕೊಳ್ಳಿ. ಎರಡನೇ ರಾತ್ರಿ ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರು.

ದಾರಿಯಲ್ಲಿ

ಡ್ರೈವರ್ ಮುಂದೆ ಡ್ಯಾಶ್‌ಬೋರ್ಡ್ ಮೇಲೆ ಅರ್ಧ ಲೋಟ ನೀರು ಇಡಿ. ಅದು ಚೆಲ್ಲಿದರೆ ಹಿಂದೆ ಕುದುರೆ ಮುಗ್ಗರಿಸಿತು ಅಂತ ಲೆಕ್ಕ. ಇದಕ್ಕಿಂತ ಚೆನ್ನಾಗಿ ವಿವರಿಸುವ ಭಾಷಣ ನನಗೆ ಸಿಕ್ಕಿಲ್ಲ.

ಮೂರು ನಾಲ್ಕು ಗಂಟೆಗೊಮ್ಮೆ ನೆರಳಲ್ಲೋ ಗಾಳಿಯಾಡುವ ಕಡೆಯೋ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ರಸ್ತೆ ಬದಿಯಲ್ಲಿ ಕುದುರೆ ಇಳಿಸಬೇಡಿ, ಒಂದು ಹಾರ್ನ್ ಸಾಕು ಕೈತಪ್ಪಲು. ಒಳಗೇ ಹಗ್ಗ ಬಿಚ್ಚಿ, ನೀರು ಕೊಡಿ, ನೀರು ಚಿಮುಕಿಸಿದ ಹುಲ್ಲನ್ನು ನೆಲದ ಹತ್ತಿರ ಹಿಡಿಯಿರಿ. ಲದ್ದಿ ತೆಗೆಯಿರಿ. ವಸಡನ್ನು ಬೆರಳಿಂದ ಒತ್ತಿ ಬಿಡಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ವಸಡು ಒಣಗಿ ಅಂಟುತ್ತಿದ್ದರೆ ನೀರು ಸಾಲದು. ಕುದುರೆ ಹೊಟ್ಟೆ ಕಡೆ ತಿರುಗಿ ತಿರುಗಿ ನೋಡಿದರೆ, ಕಾಲು ಕೆರೆದರೆ, ಲದ್ದಿಯೇ ಹಾಕದಿದ್ದರೆ ಅದು ಹೊಟ್ಟೆಶೂಲೆ, ತಡ ಮಾಡದೆ ಹತ್ತಿರದ ಡಾಕ್ಟರ್‌ಗೆ ಫೋನ್ ಮಾಡಿ.

ಧಾಬಾ ಪಕ್ಕದ ಅಂಗಡಿಯಿಂದ ಹಸುವಿನ ಅಥವಾ ಕೋಳಿಯ ಫೀಡ್ ತಂದು ಕೊಡಬೇಡಿ. ಕೆಲವದರಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಹಸು, ಕೋಳಿ ತಡೆದುಕೊಳ್ಳುವ ಪ್ರಮಾಣವೇ ಕುದುರೆಯ ಹೃದಯಕ್ಕೆ ವಿಷ.

ಹಾಲು ಕುಡಿಯುವ ಮರಿ ಜೊತೆಗಿದ್ದರೆ ನಡುವಿನ ಗಳ ತೆಗೆದು ತಾಯಿಗೂ ಮರಿಗೂ ಒಂದೇ ಅಗಲ ಜಾಗ ಕೊಡಿ. ಮರಿಯನ್ನು ಕಟ್ಟಬೇಡಿ. ನಿಲುಗಡೆ ಎರಡು ಗಂಟೆಗೊಮ್ಮೆ ಮಾಡಿ, ಲಾರಿ ಓಡುವಾಗ ಮರಿಗೆ ಸರಿಯಾಗಿ ಕುಡಿಯಲು ಆಗುವುದಿಲ್ಲ.

ಇಳಿಸಿದ ಮೇಲೆ

ಹತ್ತು ನಿಮಿಷ ನಿಧಾನ ನಡೆಸಿ. ನೀರು, ನೆಲದ ಮೇಲೆ ಹುಲ್ಲು, ನೆರಳು. ಒಂದು ಹಿಡಿ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಕೊಟ್ಟರೆ ಖುಷಿಯಾಗಿ ತಿನ್ನುತ್ತದೆ. ಹುರುಳಿ ಮಾರನೇ ದಿನದಿಂದ, ಸ್ವಲ್ಪ ಸ್ವಲ್ಪ. ನೋಡಲು ಬಂದ ನೆಂಟರನ್ನು ಗೇಟಿನ ಹೊರಗೇ ಮಾತಾಡಿಸಿ ಕಳಿಸಿ.

ಮನೆಯ ಬೇರೆ ಕುದುರೆಗಳಿಂದ ಎರಡು ಮೂರು ವಾರ ದೂರ ಕಟ್ಟಿ. ಬಕೆಟ್, ಬ್ರಷ್ ಕೂಡ ಬೇರೆ.

ಐದು ದಿನ, ದಿನಕ್ಕೆ ಎರಡು ಸಲ ಜ್ವರ ನೋಡಿ ಲಾಯದ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆಯಿರಿ. ಶ್ವಾಸಕೋಶದ ಸೋಂಕು ಇಳಿದ ದಿನವೇ ಕಾಣುವುದಿಲ್ಲ, ಎರಡು ಮೂರು ದಿನ ತೆಗೆದುಕೊಳ್ಳುತ್ತದೆ. 101.5 ದಾಟಿದರೆ ಅಥವಾ ಮೇವು ಬಿಟ್ಟರೆ ಅದೇ ದಿನ ಡಾಕ್ಟರ್ ಬರಲಿ. ಫೋನಿನಲ್ಲೇ ಎಷ್ಟು ದಿನದ ಗಬ್ಬ ಎಂದು ಹೇಳಿ. ಜ್ವರ ಬೇಗ ಇಳಿಸಿದರೆ ಗಬ್ಬ ಉಳಿಸಿಕೊಳ್ಳಲು ಅವಕಾಶ ಇರುತ್ತದೆ, "ನಾಳೆ ನೋಡೋಣ" ಅಂದರೆ ಇರುವುದಿಲ್ಲ.

ಬಂದ ಮರುದಿನವೇ ಸ್ಕ್ಯಾನ್ ಮಾಡಿಸಿ ಖುಷಿಪಡುವುದರಲ್ಲಿ ಅರ್ಥವಿಲ್ಲ. ಏನಾದರೂ ಕೆಟ್ಟಿದ್ದರೆ ಅದು ಕಾಣಲು ಕೆಲವು ದಿನ ಬೇಕು. ಹತ್ತು ದಿನ ಬಿಟ್ಟು ಒಂದು, ಆಮೇಲೆ 60ನೇ ದಿನಕ್ಕೆ ಒಂದು. ಖಾಲಿ ಇದ್ದರೆ, ಗಬ್ಬ ಯಾವ ದಿನದ ಆಸುಪಾಸಿನಲ್ಲಿ ಹೋಗಿರಬಹುದು ಎಂದು ಡಾಕ್ಟರ್‌ಗೆ ಕೇಳಿ. 35ರ ಒಳಗೆ ಎಂದಾದರೆ ಇದೇ ಸೀಸನ್‌ನಲ್ಲಿ ಇನ್ನೊಂದು ಸಲ ಗಂಡು ಕೊಡಿಸಬಹುದು. ಎಲ್ಲ ಸರಿಯಿದ್ದರೆ ಸೊನ್ನೆ ದಿನದಿಂದ 340 ದಿನ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಕಂದು ಹಾಕಿಸುವ ಹರ್ಪಿಸ್ ವೈರಸ್ ತಡೆಯಲು 5, 7 ಮತ್ತು 9ನೇ ತಿಂಗಳು ಹಾಕಿಸುವ ಲಸಿಕೆಗೂ ಈಗಲೇ ತಾರೀಖು ಬರೆದುಬಿಡಿ.